ಲಾಡಿಯ ಕಲೆ

ಆ ಹೆಣ್ಣುಮಗಳು ಮಲಗಿದ್ದ ಮಂಚದ ಪಕ್ಕದಲ್ಲಿ ನಾನು ನಿಂತಿದ್ದೆನೋ ಇಲ್ಲವೋ, ಇವತ್ತಿಗೂ ನನಗೆ ಖಚಿತವಿಲ್ಲ. ನಿಂತಿದ್ದ ಹಾಗೆ ನೆನಪಿದೆ. ಹಸಿರು ಹೊದಿಕೆ, ಕಿಟಕಿಯ ಸರಳಿಗೆ ಕಟ್ಟಿದ್ದ ಗ್ಲೂಕೋಸ್ ಬಾಟಲಿ, ಅವಳ ಬೆರಳ ಸಂದಿಯಲ್ಲಿ ತೊಳೆದರೂ ಹೋಗದೆ ಉಳಿದಿದ್ದ ಚೆಂಡುಹೂವಿನ ಹಳದಿ. ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಕೂತು ಲೆಕ್ಕ ಹಾಕಿದರೆ, ಗುಂಡ್ಲುಪೇಟೆಯ ಆ ಆಸ್ಪತ್ರೆಗೆ ನಾನು ಕೆಲಸಕ್ಕೆ ಸೇರಿದ್ದೇ ಆಮೇಲೆ ಇರಬೇಕು ಅನ್ನಿಸುತ್ತದೆ. ಹಾಗಿದ್ದರೆ ಆ ಹಳದಿಯನ್ನು ನೋಡಿದವರು ಯಾರು? ಡಾಕ್ಟರಮ್ಮ ಆ ಕತೆಯನ್ನು ಅಷ್ಟು ಸಲ ಹೇಳಿದ್ದಾರೆ. ಅವರು ಕಂಡದ್ದು ನನ್ನ ಕಣ್ಣೊಳಕ್ಕೆ ಜಾರಿಕೊಂಡಿರಬಹುದು.

ನಾನು ಸಂಖ್ಯಾಶಾಸ್ತ್ರ ಓದಿದವನು. ಇಂಥ ನೆನಪನ್ನು ನಂಬಬಾರದು ಎಂದು ಮೈಸೂರಿನಲ್ಲಿ ಎರಡು ವರ್ಷ ಕಲಿಸಿದ್ದಾರೆ. ಆದರೂ ಈಗ ಬರೆಯಲು ಕೂತಿದ್ದೇನೆ. ಹೋದ ತಿಂಗಳು ಚಾಮರಾಜನಗರದಲ್ಲಿ ಡಾಕ್ಟರಮ್ಮನಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಅಲ್ಲಿ ಕೇಳಿದ ಮಾತುಗಳು ಅವತ್ತಿನಿಂದ ನನ್ನನ್ನು ಸುಮ್ಮನೆ ಕೂರಲು ಬಿಟ್ಟಿಲ್ಲ. ಒಬ್ಬರು, ಹೊಸ ಕಾಯಿಲೆಯನ್ನೇ ಕಂಡುಹಿಡಿದರು ಅಂದರು. ಕಂಡುಹಿಡಿದಿರಲಿಲ್ಲ. ಇನ್ನೊಬ್ಬರು, ಅವರ ಲೇಖನ ಓದಿ ಆಫ್ರಿಕಾದ ಡಾಕ್ಟರೊಬ್ಬ ಒಂದು ಹುಡುಗಿಯ ಪ್ರಾಣ ಉಳಿಸಿದ ಅಂದರು. ಅದಕ್ಕೆ ಪುರಾವೆ ಇಲ್ಲ. ಮೂರನೆಯವರು ಅವರ ನಗುಮುಖವನ್ನು ಹೊಗಳಿದರು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಡಾಕ್ಟರಮ್ಮನ ಮುಖದಲ್ಲಿ ಬೇಕಾದಷ್ಟಿತ್ತು, ನಗು ಮಾತ್ರ ಅಪರೂಪ.

ಅವರು ಉಮ್ಮತ್ತೂರಿನವರು. ಹೊಲ ಮನೆ ಇದ್ದ ಶಿವಭಕ್ತರ ಕುಟುಂಬ. ಸೋಮವಾರ ಮಾತ್ರ ಹಣೆಯಲ್ಲಿ ತೆಳುವಾದ ವಿಭೂತಿ ಇರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಬೆವರಿನಲ್ಲಿ ಅಳಿಸಿಹೋಗುತ್ತಿತ್ತು. ಕುಳಿತಿದ್ದನ್ನು ನೋಡಿದವರು ಕಡಿಮೆ. ಕಾಫಿಯನ್ನು ನಿಂತೇ ಕುಡಿಯುವರು, ರೋಗಿಯ ಮಾತನ್ನು ಮಂಚದ ಸುತ್ತ ನಡೆಯುತ್ತಲೇ ಕೇಳುವರು. ಅವರ ಕುರ್ಚಿಯ ಮೇಲೆ ಯಾವಾಗಲೂ ಅವರ ಚೀಲವೇ ಕುಳಿತಿರುತ್ತಿತ್ತು. ಕನ್ನಡಕವನ್ನು ತಲೆಗೂದಲಿಗೆ ಸಿಕ್ಕಿಸಿಕೊಂಡು, ‘ನನ್ ಕನ್ನಡಕ ಯಾರ್ ತಕ್ಕೊಂಡ್ರು’ ಎಂದು ಇಡೀ ವಾರ್ಡನ್ನು ಬೈಯುವರು. ಮುಖ್ಯವಾದದ್ದನ್ನೆಲ್ಲ ಎಡ ಅಂಗೈ ಮೇಲೆ ಬರೆದುಕೊಳ್ಳುವ ಚಾಳಿ. ಕೈ ತೊಳೆದಾಗ ಮುಖ್ಯವಾದದ್ದು ನೀರಲ್ಲಿ ಹೋಗುತ್ತಿತ್ತು, ಆಗ ಮತ್ತೆ ನಮ್ಮನ್ನೇ ಬೈಗುಳ. ಸಮಾಧಾನವಾಗಿದ್ದಾಗ ಪೇಟೆಯ ಕನ್ನಡ. ಸಿಟ್ಟು ಬಂದರೆ ಉಮ್ಮತ್ತೂರು ಹೊರಬರುತ್ತಿತ್ತು.

ನನಗೆ ಅವರು ಇಟ್ಟ ಹೆಸರು ಅನುಮಾನಪ್ಪ. ನಾನು ಸೇರಿದ ಮೊದಲ ವಾರವೇ, ಜ್ವರದ ರೋಗಿಗಳ ಬಗ್ಗೆ ಅವರು ಹೇಳಿದ ಯಾವುದೋ ಮಾತಿಗೆ ‘ಇದಕ್ಕೆ ಆಧಾರ ಏನು ಮೇಡಂ’ ಎಂದು ಕೇಳಿದ್ದೆ. ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ಒಂದು ಸಣ್ಣ ಸಂಶೋಧನೆಗೆ ಅಂಕಿಅಂಶ ನೋಡಿಕೊಳ್ಳಲು ನನ್ನನ್ನು ಇಟ್ಟುಕೊಂಡಿದ್ದರು. ಆಧಾರ ಕೇಳುವುದೇ ನನ್ನ ಕೆಲಸ ಅಂದುಕೊಂಡಿದ್ದೆ.

‘ಬಂದ್ಯಾ? ಬಾ ಅನುಮಾನಪ್ಪ, ಕೂತ್ಕೊ’ ಅಂದು ಚೀಲ ಕೂತಿದ್ದ ಕುರ್ಚಿ ತೋರಿಸಿದ್ದರು.

ಆ ಹೆಣ್ಣುಮಗಳ ಕತೆಯನ್ನು ಅವರು ಹೇಳುತ್ತಿದ್ದ ಹಾಗೇ ಹೇಳುತ್ತೇನೆ. ಹಂಗಳದವಳು, ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ, ಚೆಂಡುಹೂ ಕೀಳುವ ಕೂಲಿ. ಕೇರಳದ ಓಣಂಗೆ ಹೂ ಹೋಗುವ ಕಾಲ, ಹೊಲಗಳಲ್ಲಿ ಬೆಳಗಿನಿಂದ ಬಗ್ಗಿ ಕೂತು ಕೀಳಬೇಕು. ಜ್ವರ ಬಂತು, ಬಿಡಲಿಲ್ಲ. ಡೆಂಗಿ ಪರೀಕ್ಷೆ ಮಾಡಿಸಿದರು, ಅಲ್ಲ. ಟೈಫಾಯ್ಡ್ ಇರಬಹುದೆಂದು ಔಷಧಿ ಕೊಟ್ಟರು, ಇಳಿಯಲಿಲ್ಲ. ಆಗ ಅವರಿಗೆ ಸ್ಕ್ರಬ್ ಟೈಫಸ್ ನೆನಪಾಯಿತು. ಹುಲ್ಲಿನಲ್ಲಿ, ಬದುವಿನ ಪೊದೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಇರುತ್ತದೆ. ಅದು ಕಚ್ಚಿದ್ದು ಗೊತ್ತಾಗುವುದಿಲ್ಲ, ನೋಯುವುದಿಲ್ಲ. ಕಚ್ಚಿದ ಜಾಗ ಬೀಡಿಯಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆಗಟ್ಟುತ್ತದೆ. ಆ ಕಲೆ ಕಂಡರೆ ರೋಗ ಸಿಕ್ಕಿದ ಹಾಗೆ. ಅಗ್ಗದ ಮಾತ್ರೆ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಡಾಕ್ಟರಮ್ಮ ಕಲೆ ಹುಡುಕಿದರು. ಕಂಕುಳು, ಕಿವಿಯ ಹಿಂದೆ, ಕೂದಲ ಬುಡ, ಎದೆಯ ಕೆಳಗೆ, ತೊಡೆಯ ಸಂದು. ಸಿಗಲಿಲ್ಲ. ಮಂಚದ ಪಕ್ಕದಲ್ಲೇ ನಿಂತು ಫೋನಿನಲ್ಲಿ ಹುಡುಕಿದಾಗ ಒಂದು ಲೇಖನದ ಸಾರಾಂಶ ಸಿಕ್ಕಿತಂತೆ. ಪೂರ್ವದ ಕಡೆಯ ಯಾವುದೋ ಗುಡ್ಡಗಾಡಿನ ದೇಶದ ರೋಗಿಗಳನ್ನು ನೋಡಿ ಬರೆದದ್ದು. ಹೆಂಗಸರಲ್ಲಿ ಈ ಕಲೆ ಒಂದು ನಿರ್ದಿಷ್ಟ ಜಾಗದಲ್ಲಿದ್ದು, ಕಣ್ಣಿಗೆ ಬಿದ್ದರೂ ಬೇರೆ ಏನೋ ಎಂದು ತಳ್ಳಿಹಾಕುವುದುಂಟು ಎಂಬ ಅರ್ಥದ ಒಂದು ವಾಕ್ಯ. ಯಾವ ಜಾಗ ಎಂಬುದು ಸಾರಾಂಶದಲ್ಲಿ ಇರಲಿಲ್ಲ. ಅದರ ಕೆಳಗೆ ಒಂದು ಬೀಗದ ಚಿತ್ರ, ಪೂರ್ತಿ ಓದಬೇಕೆಂದರೆ ಡಾಲರಿನಲ್ಲಿ ಬೆಲೆ. ಕಾರ್ಡಿನ ನಂಬರು ಹೊಡೆದರು, ತೆಗೆದುಕೊಳ್ಳಲಿಲ್ಲ. ಮೈಸೂರಿನ ಕಾಲೇಜೊಂದರಲ್ಲಿದ್ದ ಗೆಳತಿಗೆ, ನಿಮ್ಮ ಲೈಬ್ರರಿಯಲ್ಲಿ ಸಿಕ್ಕರೆ ಕಳಿಸು ಎಂದು ಮೆಸೇಜು ಹಾಕಿದರು. ಅಷ್ಟರಲ್ಲಿ ಹುಡುಗಿಯ ಉಸಿರು ಏರತೊಡಗಿತು. ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ನಂಜನಗೂಡು ದಾಟುವ ಹೊತ್ತಿಗೆ ಮುಗಿದಿತ್ತು.

ಕಲೆ ಎಲ್ಲಿತ್ತು ಎಂಬುದು ಆಮೇಲೆ ಹೊಳೆಯಿತು. ಲಂಗದ ಲಾಡಿಯ ಕೆಳಗೆ.

‘ನೋಡಿರ್ಲಿಲ್ಲ ಅನ್ಕೋಬ್ಯಾಡ. ನೋಡಿದ್ದೆ’ ಎಂದು ಅವರು ನನಗೆ ಹೇಳಿದ್ದು ಆಸ್ಪತ್ರೆಯ ಹಿಂದಿನ ಹೊಂಗೆಮರದ ಕೆಳಗೆ. ‘ಲಂಗ ಸಡ್ಲ ಮಾಡಿ, ಹೊಟ್ಟೆ ಅಮುಕಿ ನೋಡುವಾಗ ಕಣ್ಣಿಗೆ ಬಿತ್ತು. ಕರ್ರಗೆ ಒಂದ್ ಹಕ್ಕಳೆ. ಲಾಡಿ ಉಜ್ಜಿ ಆಗಿರೋದು ಅನ್ಕೊಂಡೆ. ನನ್ ಸೊಂಟದಲ್ಲೂ ಅದೆ, ನಮ್ಮವ್ವನ ಸೊಂಟದಲ್ಲೂ ಇತ್ತು. ಸೀರೆ ಉಡೋ ಯಾವಳಿಗಿಲ್ಲ ಹೇಳು? ಗಂಡು ಡಾಕ್ಟ್ರಾಗಿದ್ದಿದ್ರೆ ಏನಿದು ಅಂತ ಕೇಳಿರೋನೇನೋ. ಅವನ್ಗೆ ಲಂಗ ಸಡ್ಲ ಮಾಡಕ್ಕೆ ಅವಳು ಬುಡ್ತಿರ್ಲಿಲ್ಲ, ಅದ್ ಬೇರೆ ಮಾತು.’

ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದು ಕಟ್ಟಿದ ಲಾಡಿ ಸೊಂಟದ ಸುತ್ತ ಕಪ್ಪು ಪಟ್ಟಿ ಬಿಡುತ್ತದೆ, ಬೆವರಿಗೆ ಕೆಲವೊಮ್ಮೆ ಹುಣ್ಣಾಗುತ್ತದೆ. ಇಲ್ಲಿಯ ಹೆಂಗಸರಿಗೆ ಅದು ಕಾಯಿಲೆಯಲ್ಲ, ಕಾಲುಂಗುರದ ಗುರುತಿನ ಹಾಗೆ ಮೈಯ ಒಂದು ಭಾಗ. ನುಸಿಯ ಮರಿಯೂ ಬಟ್ಟೆ ಬಿಗಿಯಾಗಿರುವ ಕಡೆಗೇ ಹರಿದುಹೋಗಿ ನಿಲ್ಲುತ್ತದೆ. ಎರಡು ಕಪ್ಪುಗಳು ಒಂದೇ ಜಾಗದಲ್ಲಿ. ರೋಗಿಯೂ ಹೆಂಗಸು, ಮಂಚದ ಪಕ್ಕ ಕೂತಿದ್ದ ಅವಳ ತಾಯಿಯೂ ಹೆಂಗಸು, ಡಾಕ್ಟರೂ ಹೆಂಗಸು. ಮೂವರೂ ನೋಡಿದರು, ಮೂವರಿಗೂ ಅದು ಪರಿಚಯದ ಕಲೆ.

ಅನುಮಾನದ ಮೇಲೆ ಮಾತ್ರೆ ಕೊಡಬಹುದಿತ್ತಲ್ಲ ಎಂದು ನಾನು ಕೇಳಿದ್ದೆ.

‘ಕೊಡಬೋದಿತ್ತು. ಈಗ ಕೊಡ್ತೀವಲ್ಲ. ಆಗ ಕೊಡ್ಲಿಲ್ಲ’ ಅಂದರು. ಅಷ್ಟೇ.

ಇಲ್ಲೊಂದು ತೊಡಕಿದೆ. ಅವರು ಹೇಳುವಾಗ ಕತೆ ಒಂದೇ ಥರ ಇರುತ್ತಿರಲಿಲ್ಲ. ಒಂದು ಸಲ ಆಚೆ ಮಳೆ, ಇನ್ನೊಂದು ಸಲ ಬಿಸಿಲು. ಒಂದು ಸಲ ಗಂಡ ಬಾಗಿಲಲ್ಲಿ ನಿಂತಿದ್ದ, ಇನ್ನೊಂದು ಸಲ ಅವನು ಹೂವಿನ ಲಾರಿಯ ಜೊತೆ ಕೋಯಿಕ್ಕೋಡಿಗೆ ಹೋಗಿದ್ದ. ಹುಡುಗಿಯ ವಯಸ್ಸು ಏರುತ್ತ ಇಳಿಯುತ್ತ ಇತ್ತು. ನಾನು ತಿದ್ದುತ್ತಿದ್ದೆ. ‘ಹೋದ್ಸಲ ಗಂಡ ಊರಲ್ಲಿರಲಿಲ್ಲ ಅಂದ್ರಿ ಮೇಡಂ.’

‘ಅವನೆಲ್ಲಿದ್ದ ಅಂತ ನಾನ್ ನೋಡ್ತಾ ಕೂತಿದ್ನಾ?’

ಸುಳ್ಳು ಹೇಳುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಕತೆಯ ಅಂಚುಗಳು ಅಲುಗಾಡುತ್ತಿದ್ದವು. ಅಂಚು ಅಲುಗಾಡಿದರೆ ನಡುವಿನದ್ದೂ ಗಟ್ಟಿಯಿರಲಾರದು ಎಂದು ನನ್ನ ಅನುಮಾನ. ಅದರಲ್ಲೂ ಆ ಬೀಗದ ಲೇಖನ. ಅವರ ಸಿಟ್ಟೆಲ್ಲ ಹೋಗಿ ನಿಲ್ಲುತ್ತಿದ್ದದ್ದು ಅಲ್ಲಿಗೆ. ಕಣ್ಣಿಗೆ ಬಿದ್ದ ಕಲೆಯನ್ನು ತಾವು ಗುರುತಿಸಲಿಲ್ಲ ಎಂಬ ಸಂಕಟವನ್ನು ಯಾವುದೋ ದೂರದ ಪ್ರಕಾಶಕನ ಬಾಗಿಲಿಗೆ ಒರೆಸುತ್ತಿದ್ದಾರೆ ಎಂದೂ ನನಗೆ ಅನ್ನಿಸಿದ್ದುಂಟು.

ಕೊರೊನಾ ಬಂದಾಗ ಜಗತ್ತಿನ ದೊಡ್ಡ ದೊಡ್ಡ ಪತ್ರಿಕೆಗಳು ಆ ರೋಗದ ಲೇಖನಗಳ ಬೀಗ ತೆಗೆದು, ಯಾರು ಬೇಕಾದರೂ ಓದಬಹುದು ಎಂದವು. ಒಳ್ಳೆಯ ಸುದ್ದಿಯೆಂದು ನಾನೇ ಹೋಗಿ ಹೇಳಿದೆ. ಮೂಗಿನವರೆಗೂ ಮಾಸ್ಕು ಹಾಕಿಕೊಂಡಿದ್ದ ಡಾಕ್ಟರಮ್ಮ ನಡೆಯುವುದನ್ನು ನಿಲ್ಲಿಸಿದರು.

‘ಹಂಗಾರೆ ತೆಗೆಯಕ್ಕೆ ಬರ್ತದೆ ಅನ್ನು. ಬೀಗ ತುಕ್ಕು ಹಿಡ್ದದೆ, ತೆಗೆಯಕ್ಕಾಗಕಿಲ್ಲ ಅಂತ ಅನ್ಕೊಂಡಿದ್ದೆ. ಅವ್ರೂರ್ಗೆ ಜ್ವರ ಬಂತು ನೋಡು, ಕೀಲಿಕೈ ಸಿಕ್ಬುಡ್ತು.’

ಅಷ್ಟು ಹೇಳಿ ಮತ್ತೆ ನಡೆಯತೊಡಗಿದರು.

ಹುಡುಗಿ ಹೋದ ಮೇಲೆ ಅವರು ಜ್ವರದ ಪ್ರತಿಯೊಬ್ಬ ಹೆಂಗಸಿನ ಲಾಡಿ ಸಡಿಲಿಸಿ ನೋಡತೊಡಗಿದರು. ಸಿಗುತ್ತಿತ್ತು. ಎಲ್ಲರಲ್ಲೂ ಅಲ್ಲ, ಆದರೆ ಸಿಗುತ್ತಿತ್ತು. ಪರದೆಯ ಆಚೆ ನಡೆಯುತ್ತಿದ್ದ ಮಾತು ನನ್ನ ಮೇಜಿಗೆ ಕೇಳಿಸುತ್ತಿತ್ತು.

‘ಯಾಕವ್ವ, ಜ್ವರ ತಲೇಲಿದ್ರೆ ಲಂಗ ಯಾಕ್ ಬಿಚ್ಚೀಯೆ?’

‘ಬಿಚ್ಚಲ್ಲ ಕಣಮ್ಮಿ, ಸಡ್ಲ ಮಾಡು.’

‘ನನ್ ಗಂಡನ್ಗೂ ಇಷ್ಟು ಅರ್ಜೆಂಟಿಲ್ಲ, ಬುಡಿ.’

ವಾರ್ಡಿನಲ್ಲಿ ನಗು. ಡಾಕ್ಟರಮ್ಮ ನಗುತ್ತಿರಲಿಲ್ಲ, ಟಾರ್ಚು ಹಿಡಿದು ನೋಡುತ್ತಿದ್ದರು.

ಇಂಥ ಕೆಲವು ರೋಗಿಗಳ ವಿವರ ಸೇರಿಸಿ ಒಂದು ಸಣ್ಣ ವರದಿ ಬರೆಯುವುದೆಂದಾಯಿತು. ನಾನು ಅಂಕಿ ನೋಡಿದೆ, ಅವರು ಬರೆದರು. ಬರೆದು ಮುಗಿದ ಮೇಲೆ, ಯಾವ ಪತ್ರಿಕೆಗೂ ಕಳಿಸುವ ಮೊದಲು, ಅವರದೊಂದು ಹಟ: ಯಾರ ಮೈ ನೋಡಿ ಬರೆದಿದ್ದೇವೋ ಅವರು ಮೊದಲು ಕೇಳಬೇಕು. ಇದನ್ನು ಅವರು ಎಲ್ಲೂ ಕಲಿತದ್ದಲ್ಲ. ಉಮ್ಮತ್ತೂರಿನಲ್ಲಿ ಅವರ ತಂದೆ ಜಮೀನಿನ ಕಾಗದ ಏನೇ ಬಂದರೂ ಪಾಲುದಾರರನ್ನೆಲ್ಲ ಜಗಲಿಗೆ ಕರೆದು ಓದಿ ಹೇಳಿಯೇ ಒಳಗಿಡುತ್ತಿದ್ದರಂತೆ. ‘ಕೇಳಿಸ್ಕೊಂಡೋರು ಹೂಂ ಅನ್ಬೇಕು. ಆಮೇಲೆ ಅದು ಕಾಗ್ದ.’

ಹಂಗಳದ ದಾರಿಯಲ್ಲಿ ಹೂ ತೂಗುವ ಒಂದು ತಗಡಿನ ಶೆಡ್ಡು ಇದೆ. ಸಂಜೆ ಹೂವಿನ ಮೂಟೆಗಳು ಬಂದು ಬೀಳುತ್ತವೆ, ವಯನಾಡಿನ ಕಡೆಯ ವ್ಯಾಪಾರಿಗಳು ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ದರ ಕೂಗುತ್ತಿರುತ್ತಾರೆ. ಅಲ್ಲಿಗೆ ನನ್ನ ಬೈಕಿನ ಹಿಂದೆ ಕೂತು ಬಂದರು. ಇದು ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ನಾನಿದ್ದೆ. ಹೆಂಗಸರು ಖಾಲಿ ಗೋಣಿಯ ಮೇಲೆ ಕೂತರು, ಡಾಕ್ಟರಮ್ಮ ತಕ್ಕಡಿಯ ಪಕ್ಕ ನಿಂತರು.

‘ನಿಮ್ ಸೊಂಟದ ಇಸ್ಯ ಬರ್ದಿವ್ನಿ. ಓದ್ತೀನಿ, ತಪ್ಪಿದ್ರೆ ಹೇಳ್ಬೇಕು.’

‘ಅಯ್ಯೋ ಶಿವನೇ, ಬರಿಯಕ್ಕೆ ನಿಮ್ಗೆ ಇನ್ನೇನೂ ಸಿಗ್ನಿಲ್ವಾ ಡಾಕ್ಟ್ರವ್ವ?’ ಎಂದಳು ಒಬ್ಬ ಮುದುಕಿ. ‘ಮೊಕದ್ ಇಸ್ಯ ಬರ್ದಿದ್ರೆ ಪೋಟಾನಾದ್ರೂ ಹಾಕ್ಬೋದಾಗಿತ್ತು.’

‘ನಿನ್ ಮೊಕ ಹಾಕಿದ್ರೆ ಯಾರ್ ಓದಾರು ಬುಡು’ ಎಂದಳು ಪಕ್ಕದವಳು.

ಡಾಕ್ಟರಮ್ಮ ಇಂಗ್ಲಿಷಿನ ವರದಿಯನ್ನು ನೋಡುತ್ತ ನೋಡುತ್ತ ಆ ಊರಿನ ಮಾತಿಗೆ ತಿರುಗಿಸಿ ಹೇಳಿದರು. ನುಸಿ, ಹುಲ್ಲು, ಲಾಡಿ, ಕಪ್ಪು, ಮಾತ್ರೆ. ಹೆಂಗಸರು ತಿದ್ದಿದರು ಕೂಡ. ಕೂತು ಕೀಳುವಾಗ ಅಲ್ಲ, ಮಧ್ಯಾಹ್ನ ಬದುವಿನ ಹುಲ್ಲಿನ ಮೇಲೆ ಒರಗುತ್ತೇವಲ್ಲ, ಆವಾಗ ಹತ್ತುತ್ತದೆ ಎಂದರು. ಡಾಕ್ಟರಮ್ಮ ಅದನ್ನು ಅಂಗೈ ಮೇಲೆ ಬರೆದುಕೊಂಡರು.

ಅಲ್ಲಿ ಆ ಹುಡುಗಿಯ ತಾಯಿಯೂ ಇದ್ದರು. ನನಗೆ ಗುರುತಿರಲಿಲ್ಲ. ಗೋಣಿಯ ಬಾಯಿ ಹೊಲಿಯುತ್ತ ಕೊನೆಯಲ್ಲಿ ಕೂತಿದ್ದವರು ಸೂಜಿ ನಿಲ್ಲಿಸಿ ಕೇಳಿದರು.

‘ಇದ ಆವಾಗ್ಲೇ ಯೋಳ್ಬಾರ್ದಾಗಿತ್ತಾ?’

ತಕ್ಕಡಿಯವನು ಕೈಯಲ್ಲಿದ್ದ ತೂಕದ ಕಲ್ಲನ್ನು ಕೆಳಗಿಟ್ಟ.

‘ನಂಗೇ ಗೊತ್ತಿರ್ಲಿಲ್ಲ ಕಣವ್ವ’ ಎಂದರು ಡಾಕ್ಟರಮ್ಮ.

‘ನಿಮ್ಗೆ ಗೊತ್ತಿರ್ನಿಲ್ಲ, ಬುಡಿ. ಓದಿರೋರು ನೀವೊಬ್ರೇನಾ? ಇನ್ಯಾರ್ಗಾದ್ರೂ ಗೊತ್ತಿತ್ತಾ?’

ಅದು ಜಗಳದ ಮಾತಾಗಿರಲಿಲ್ಲ. ತಿಳಿದುಕೊಳ್ಳಬೇಕಾಗಿತ್ತು, ಕೇಳಿದರು. ಲೋಕದಲ್ಲಿ ಯಾರಿಗೂ ತಿಳಿಯದ ಕಾಯಿಲೆಯಿಂದ ಮಗಳು ಹೋಗಿದ್ದರೆ ಅದು ಒಂದು ಬಗೆ. ಯಾರಿಗೋ ತಿಳಿದಿದ್ದೂ ಗುಂಡ್ಲುಪೇಟೆಗೆ ಬಂದು ಮುಟ್ಟದೆ ಹೋಗಿದ್ದರೆ ಅದು ಬೇರೆ.

ಡಾಕ್ಟರಮ್ಮ ತಲೆಯ ಮೇಲಿದ್ದ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ‘ಗೊತ್ತಿತ್ತೇನೋ. ಗೊತ್ತಿತ್ತು ಅಂತ್ಲೇ ಕಾಣ್ತದೆ. ಅಲ್ಲಿಗಂಟ ಹೋಗಿದ್ದೆ ಕಣವ್ವ. ಬಾಗ್ಲು ಹಾಕಿತ್ತು.’

ತಾಯಿ ಸೂಜಿಗೆ ದಾರ ಪೋಣಿಸಿಕೊಂಡು ಮತ್ತೆ ಹೊಲಿಯತೊಡಗಿದರು. ‘ಸರಿಯಾಗ್ ತಿಳ್ಕೊಂಡು ಯೋಳಿ’ ಎಂದರು, ತಲೆಯೆತ್ತದೆ.

ಆ ವರದಿಯನ್ನು ಹೆಸರುವಾಸಿಯಾದ ಒಂದು ವಿದೇಶಿ ಪತ್ರಿಕೆಗೆ ನಾನೇ ಒತ್ತಾಯ ಮಾಡಿ ಕಳಿಸಿದ್ದೆ. ಪತ್ರಿಕೆಯವರು ಒಪ್ಪಿಕೊಂಡರು. ಹಕ್ಕುಗಳನ್ನೆಲ್ಲ ಪತ್ರಿಕೆಗೆ ಬರೆದುಕೊಡಬೇಕು, ಓದುವವರು ಹಣ ಕೊಟ್ಟು ಓದಬೇಕು. ಎಲ್ಲರಿಗೂ ತೆರೆದಿಡಬೇಕೆಂದರೆ ಬರೆದವರೇ ದೊಡ್ಡ ಮೊತ್ತ ಕಟ್ಟಬೇಕು. ಬಡದೇಶಗಳಿಗೆ ರಿಯಾಯಿತಿ ಇತ್ತು, ಅವರ ಪಟ್ಟಿಯಲ್ಲಿ ನಮ್ಮ ದೇಶ ಬಡದೇಶವಾಗಿರಲಿಲ್ಲ. ಒಪ್ಪಿಗೆಯ ಪತ್ರ ಬಂದ ದಿನ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಜೊತೆಗೆ ಹೊರಟಿದ್ದೆವು. ಸೀಟು ಖಾಲಿಯಿದ್ದರೂ ಅವರು ಕಂಬ ಹಿಡಿದು ನಿಂತೇ ಇದ್ದರು.

‘ವಾಪಸ್ ತಕ್ಕೊ’ ಎಂದರು.

‘ಮೇಡಂ, ಅಂಥ ಪತ್ರಿಕೆಯಲ್ಲಿ ಬಂದರೆ ತಿಳಿದವರು ಗಮನಿಸ್ತಾರೆ. ದೊಡ್ಡ ಆಸ್ಪತ್ರೆಗಳು, ಮಾರ್ಗಸೂಚಿ ಬರೆಯೋರು. ನನ್ನ ಪಿಎಚ್‌ಡಿ ಸಂದರ್ಶನಕ್ಕೂ ಅದು ಬೇಕು, ಸುಮ್ಮನೆ ಯಾಕೆ ಮುಚ್ಚಿಡಲಿ.’

‘ತಿಳ್ದೋರು ಗಮನಿಸ್ಲಿ ಬುಡು, ತಪ್ಪಲ್ಲ. ಪುಣಜನೂರು ರಸ್ತೇಲಿ ಒಂದ್ ಹೆಲ್ತ್ ಸೆಂಟರ್ ಅದೆಯಲ್ಲ, ಅಲ್ಲಿರೋ ಹೊಸ ಡಾಕ್ಟ್ರು ಓದ್ಬೇಕಲ್ಲಪ್ಪ? ಗುಡ್ಡದಾಚೆ ತಮಿಳ್ನಾಡ್ ಕಡೆ ಇರೋನು? ಆ ಪೂರ್ವದ ಕಡೆ ದೇಶದ ಹೆಂಗಸ್ರನ್ನ ನೋಡ್ದೋರು ಬರ್ದ್ರು, ಇನ್ಯಾವ್ದೋ ದೇಶದೋರು ಬೀಗ ಹಾಕಿದ್ರು, ಇಲ್ಲೊಬ್ಳು ಹೋದ್ಳು. ಈಗ ನಾನೂ ಅದೇ ಬೀಗ ತಂದು ಹಾಕ್ಲಾ? ಬರಿಯಕ್ಕೆ ಬಂದ್ರೆ ಸಾಲ್ದು ಕಣ್ಲಾ, ಓದಕ್ಕೆ ಸಿಗ್ಬೇಕು.’

ಅಷ್ಟರಲ್ಲಿ ಕಂಡಕ್ಟರು ಬಂದ. ‘ಅಮ್ಮೋರೆ, ಬೀಗ ಆಮೇಲೆ ಹಾಕ್ಕಳಿ, ಆಧಾರ್ ಕಾರ್ಡ್ ತೋರ್ಸಿ. ನಿಮ್ದು ಫ್ರೀ ಟಿಕೆಟ್ಟು. ಸಾರ್, ನಿಮ್ದು ಕಾಸು.’

ಡಾಕ್ಟರಮ್ಮನಿಗೆ ವಾದಕ್ಕೆ ಇಷ್ಟು ಸಾಕಾಯಿತು. ‘ನೋಡ್ದಾ? ಬಾಗ್ಲು ತೆಗೆದ್ರು, ಹತ್ತಿವ್ನಿ.’

‘ನಿಮ್ಮ ಟಿಕೆಟ್ಟಿನ ಕಾಸನ್ನೂ ಯಾರೋ ಕಟ್ಟುತ್ತಾರಲ್ಲ ಮೇಡಂ. ಫ್ರೀ ಅನ್ನೋದು ಯಾವುದೂ ಇಲ್ಲ.’

‘ಯಾರೋ ಕಟ್ಲಿ. ಜ್ವರ ಬಂದಿರೋಳ ಕೈಲಿ ಕಟ್ಟಿಸ್ಬ್ಯಾಡ, ಅವಳ್ನ ನೋಡ್ತಾ ನಿಂತಿರೋಳ ಕೈಲೂ ಕಟ್ಟಿಸ್ಬ್ಯಾಡ. ಅಷ್ಟೇಯ ನಾನನ್ನೋದು.’

ತೆರಕಣಾಂಬಿ ಬರುವವರೆಗೂ ಜಗಳವಾಡಿದೆವು. ಹಿಂದಿನ ಸೀಟಿನವರು, ತಾಯಿ ಮಗ ಆಸ್ತಿಗೆ ಕಿತ್ತಾಡುತ್ತಿದ್ದಾರೆ ಅಂದುಕೊಂಡಿರಬೇಕು. ನಾನು ಸೋತೆನೋ, ಅವರು ಹಿರಿಯರೆಂದು ಸುಮ್ಮನಾದೆನೋ ಹೇಳಲಾರೆ. ವರದಿಯನ್ನು ವಾಪಸು ತೆಗೆದುಕೊಂಡೆವು. ವೈದ್ಯರೇ ಸೇರಿ ನಡೆಸುವ ಒಂದು ಚಿಕ್ಕ ಪತ್ರಿಕೆಯಲ್ಲಿ ಅದು ಬಂತು. ಅಲ್ಲಿ ಬರೆದವರೂ ಕಟ್ಟಬೇಕಿಲ್ಲ, ಓದುವವರೂ ಕಟ್ಟಬೇಕಿಲ್ಲ. ಹೆಸರು ಹೇಳಿದರೆ ನನ್ನ ಸಂದರ್ಶನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಸೀಟು ನನಗೆ ಸಿಗಲಿಲ್ಲ. ಪತ್ರಿಕೆಯ ಕಾರಣಕ್ಕೇ ಸಿಗಲಿಲ್ಲ ಎಂದು ಹೇಳಲು ಆಧಾರವಿಲ್ಲ. ಈಗ ಚಾಮರಾಜನಗರದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೇನೆ.

ಆ ಪತ್ರಿಕೆಯ ಪುಟದಲ್ಲಿ ಒಂದು ಭೂಪಟವಿತ್ತು. ವರದಿಯನ್ನು ಯಾವ ಯಾವ ದೇಶದಲ್ಲಿ ತೆರೆದಿದ್ದಾರೆ ಎಂಬುದಕ್ಕೆ ಚುಕ್ಕೆಗಳು. ಡಾಕ್ಟರಮ್ಮ ಅದನ್ನು ಮಕ್ಕಳ ಫೋಟೋದ ಹಾಗೆ ತೋರಿಸುತ್ತಿದ್ದರು. ಲಾಡಿ ಸಡಿಲಿಸಲು ನಾಚುವ ಹೆಂಗಸರ ಮುಂದೆ ಫೋನು ಹಿಡಿದು, ‘ನೋಡಮ್ಮಿ, ನಿಮ್ಮೂರೋರ ಸೊಂಟ ಎಲ್ಲಿಗಂಟ ಹೋಗದೆ. ಸಮುದ್ರ ದಾಟದೆ’ ಅನ್ನುವರು. ಆಫ್ರಿಕಾದಲ್ಲೂ ಒಂದೆರಡು ಚುಕ್ಕೆ ಇದ್ದವು. ಶ್ರದ್ಧಾಂಜಲಿ ಸಭೆಯ ಮಾತಿನಲ್ಲಿ ಬದುಕಿಕೊಂಡ ಆಫ್ರಿಕಾದ ಹುಡುಗಿ ಹುಟ್ಟಿದ್ದು ಆ ಚುಕ್ಕೆಯಿಂದಲೇ ಇರಬೇಕು.

‘ಚುಕ್ಕೆ ಅಂದರೆ ಯಾರೋ ಒತ್ತಿದ್ದಾರೆ ಅಂತ ಅಷ್ಟೇ ಮೇಡಂ. ಓದಿದ್ದಾರೆ ಅಂತಲ್ಲ. ಮನುಷ್ಯರೇ ಅಂತಲೂ ಅಲ್ಲ, ಯಂತ್ರಗಳು ಸುಮ್ಮನೆ ತೆರೆದು ನೋಡ್ತಿರ್ತವೆ.’

‘ಮಿಷಿನ್ನೇ ಓದ್ಕಳ್ಳಿ ಬುಡು ಅನುಮಾನಪ್ಪ. ಅದ್ಕೂ ಜ್ವರ ಬಂದಿರ್ಬೋದು.’

ಕೊನೆಗೆ ಒಂದು ದಿನ ನಾನು ಕೇಳಬೇಕಾದ್ದನ್ನು ಕೇಳಿಯೇಬಿಟ್ಟೆ. ಅವರ ಕೋಣೆಯಲ್ಲಿ, ಮಧ್ಯಾಹ್ನ.

‘ಆ ಬೀಗದ ಲೇಖನವನ್ನು ನೀವು ಆಮೇಲಾದರೂ ಓದಿದಿರಾ?’

ಅವರು ಫೋನು ತೆಗೆದು ಗೆಳತಿಯ ಹಳೆಯ ಮೆಸೇಜು ತೋರಿಸಿದರು. ಹುಡುಗಿ ಹೋದ ಮಾರನೆಯ ದಿನ ಫೈಲು ಬಂದಿತ್ತು. ಅದರ ಮೇಲೆ ಕೆಳಮುಖದ ಬಾಣದ ಗುರುತು ಹಾಗೇ ಇತ್ತು. ಇಷ್ಟು ಕಾಲವಾದರೂ ಇಳಿಸಿಕೊಂಡೇ ಇರಲಿಲ್ಲ. ಅಥವಾ ಅವರು ತೋರಿಸಲಿಲ್ಲ, ಬಾಯಲ್ಲಿ ಹೇಳಿದರು, ಬಾಣವನ್ನು ನಾನೇ ಸೇರಿಸಿಕೊಂಡೆನೋ.

‘ಹಾಗಾದರೆ ಅದರಲ್ಲಿ ಏನಿದೆ ಅಂತಲೇ ನಿಮಗೆ ಗೊತ್ತಿಲ್ಲ’ ಎಂದೆ. ‘ಒಂದು ನಿರ್ದಿಷ್ಟ ಜಾಗ ಅಂದರೆ ಕಂಕುಳಿರಬಹುದು, ಎದೆಯ ಕೆಳಗಿರಬಹುದು. ನೀವು ಹುಡುಕಿದ ಜಾಗವೇ ಇರಬಹುದು. ಒಳಗೆ ಏನಿತ್ತು ಅಂತ ನೋಡದೆ ಬಾಗಿಲಿನ ಮೇಲೆ ತಪ್ಪು ಹೊರಿಸ್ತಿದ್ದೀರಿ. ಆ ತಾಯಿಗೂ ಹಾಗೇ ಹೇಳಿದಿರಿ.’

ಬೈಯುತ್ತಾರೆ ಅಂದುಕೊಂಡೆ. ಅವರು ಕುರ್ಚಿಯ ಮೇಲಿನ ಚೀಲವನ್ನು ಎತ್ತಿ ನೆಲದ ಮೇಲಿಟ್ಟು, ಕುಳಿತರು. ಅವರು ಕುರ್ಚಿಯಲ್ಲಿ ಕುಳಿತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಕೂತಾಗ ಇಷ್ಟು ಸಣ್ಣಗೆ ಕಾಣುತ್ತಾರೆಂದು ಗೊತ್ತಿರಲಿಲ್ಲ.

‘ಅದ್ರಲ್ಲಿ ಲಾಡಿ ಇಸ್ಯ ಇಲ್ದೆ ಇದ್ರೆ, ತಪ್ಪೆಲ್ಲ ನಂದೇ ಆಯ್ತದೆ. ಆಗ್ಲಿ, ಹೊತ್ಕತೀನಿ. ಇದ್ರೆ?’ ನೆಲದ ಮೇಲಿನ ಚೀಲವನ್ನು ಕಾಲಿನ ಹತ್ತಿರಕ್ಕೆ ಎಳೆದುಕೊಂಡರು. ‘ಇದ್ರೆ, ಆ ಮಗೀನ್ ಪ್ರಾಣ ನನ್ ಫೋನ್ ಒಳ್ಗೇ ಇತ್ತು ಅಂತ ಆಯ್ತದೆ. ಅದ ಹೊರಕ್ಕಾಗಲ್ಲ ಕಣಯ್ಯ.’

‘ನಾನು ಓದಿ ಹೇಳಲಾ?’

‘ಬ್ಯಾಡ. ನಾನಿರೋಗಂಟ ಬ್ಯಾಡ.’

ಈ ಕೊನೆಯ ಮಾತನ್ನು ಅವರು ನಿಜವಾಗಿ ಹೇಳಿದರೇ? ಸತ್ತವರ ಬಾಯಲ್ಲಿ ಇಂಥ ಮಾತು ಇಡುವುದು ಬದುಕಿರುವವರಿಗೆ ಅನುಕೂಲ. ‘ಬ್ಯಾಡ’ ಎಂದಷ್ಟೇ ಹೇಳಿದ್ದರೇನೋ. ಏನೇ ಇರಲಿ, ನಾನು ಓದಲಿಲ್ಲ. ಹೋದ ಆಷಾಢದಲ್ಲಿ ಅವರು ತೀರಿಕೊಂಡರು. ಹೃದಯಾಘಾತ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಹತ್ತುತ್ತ ಇದ್ದಾಗ.

ಸಭೆಯಿಂದ ಎದ್ದು ಬಂದೆನಲ್ಲ, ಅವತ್ತಿನಿಂದ ಮನಸ್ಸು ಒಂದೇ ಕಡೆ ಉಜ್ಜುತ್ತಿತ್ತು. ಅಲ್ಲಿ ಹೇಳಿದ್ದೆಲ್ಲ ಉಬ್ಬಿಸಿದ್ದು, ಡಾಕ್ಟರಮ್ಮ ಹೇಳಿದ್ದರಲ್ಲಿ ಅರ್ಧ ಅಲುಗಾಡುವಂಥದ್ದು, ನನ್ನ ನೆನಪು ನಂಬುವಂಥದ್ದಲ್ಲ. ಗಟ್ಟಿಯಾದ ಒಂದು ವಸ್ತುವೂ ಕೈಗೆ ಸಿಗುತ್ತಿಲ್ಲ. ಹೋದ ವಾರ ಏನೋ ನೆಪ ಮಾಡಿಕೊಂಡು ಗುಂಡ್ಲುಪೇಟೆಗೆ ಹೋದೆ. ಹಂಗಳದ ಕಡೆಯ ಬಸ್ಸಿಗೆ ಕಾಯುತ್ತ, ನಿಲ್ದಾಣದ ಕಂಬಕ್ಕೆ ಒರಗಿ, ಆ ಲೇಖನದ ಶೀರ್ಷಿಕೆಯನ್ನು ಫೋನಿನಲ್ಲಿ ಹೊಡೆದೆ. ಅವರ ಬಾಯಲ್ಲಿ ಕೇಳಿ ಕೇಳಿ ನನಗದು ಬಾಯಿಪಾಠವಾಗಿತ್ತು. ಪುಟ ತೆರೆಯಿತು. ಸಾರಾಂಶದ ಕೆಳಗೆ ಬೀಗದ ಚಿತ್ರ ಇತ್ತು, ಬಾಯಿ ತೆರೆದಿದ್ದ ಬೀಗ. ಕೆಲವು ಪತ್ರಿಕೆಗಳು ವರ್ಷಗಳು ಕಳೆದ ಮೇಲೆ ಹಳೆಯದನ್ನೆಲ್ಲ ಹೀಗೆ ಬಿಟ್ಟುಬಿಡುತ್ತವಂತೆ. ಬೆಲೆ ಇರಲಿಲ್ಲ. ಯಾರೂ ಏನೂ ಕೇಳಲಿಲ್ಲ. ಪೂರ್ತಿ ಓದಿದೆ. ಬಸ್ಸು ಬಂದು ಹೋಯಿತು.

ಆ ತಾಯಿ ಈಗಲೂ ಸೀಸನ್ನಿನಲ್ಲಿ ಶೆಡ್ಡಿಗೆ ಬರುತ್ತಾರಂತೆ. ಸರಿಯಾಗಿ ತಿಳಿದುಕೊಂಡು ಹೇಳಿ ಎಂದಿದ್ದರು. ಹೇಳಬೇಕಾದವರು ಇಲ್ಲ. ನಾಳೆಯೋ ನಾಳಿದ್ದೋ ನಾನು ಹೋಗುತ್ತೇನೆ.

ಹಸಿರು ಹೊದಿಕೆ, ಬೆರಳಿನ ಹಳದಿ, ಫೋನಿನ ಬಾಣ, ಇವಕ್ಕೆಲ್ಲ ನಾನು ಸಾಕ್ಷಿ ಹೇಳಲಾರೆ. ಒಂದನ್ನು ಮಾತ್ರ ಎರಡೆರಡು ಸಲ ಪರಿಶೀಲಿಸಿದ್ದೇನೆ. ಆ ಲೇಖನದ ಮೂರನೆಯ ಪುಟದಲ್ಲಿ ಒಂದು ಚಿತ್ರವಿದೆ: ಒಬ್ಬ ಹೆಂಗಸಿನ ಸೊಂಟ, ಸಡಿಲಿಸಿದ ಲಾಡಿ, ಅದರ ಗುರುತಿನ ಕಪ್ಪು ಪಟ್ಟಿ, ಪಟ್ಟಿಯ ಅಂಚಿನಲ್ಲಿ ಬೀಡಿ ಸುಟ್ಟಂಥ ಹಕ್ಕಳೆ. ಲಾಡಿಯ ಗಾಯವೆಂದು ಇದನ್ನು ರೋಗಿಗಳೂ ವೈದ್ಯರೂ ಕಡೆಗಣಿಸುತ್ತಾರೆ ಎಂದು ಅದರ ಕೆಳಗೆ ಬರೆದಿದೆ. ಲೇಖನ ಪ್ರಕಟವಾದದ್ದು ಹಂಗಳದ ಆ ಹುಡುಗಿಗೆ ಜ್ವರ ಬರುವುದಕ್ಕೆ ಹಿಂದಿನ ವರ್ಷ.